ಆಫೀಸು ನಿಲ್ಲಿಸದೆ ನೆಕ್ಸ್ಟ್‌ಕ್ಲೌಡ್ ಅಪ್‌ಗ್ರೇಡ್ ಮಾಡುವುದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಆಡಿಟರ್ ಆಫೀಸು. 35 ಜನ ಇದ್ದೇವೆ. ಕ್ಲೈಂಟ್‌ಗಳ ಫೈಲುಗಳೆಲ್ಲ ನಮ್ಮದೇ ಸರ್ವರ್‌ನ ನೆಕ್ಸ್ಟ್‌ಕ್ಲೌಡ್‌ನಲ್ಲಿವೆ (ಫೈಲ್ ಇಡುವ, ಹಂಚುವ ಸಾಫ್ಟ್‌ವೇರ್), ಒಟ್ಟು 300 ಜಿಬಿ. ಡಾಕರ್ ಕಂಪೋಸ್‌ನಲ್ಲಿ, ಅಂದರೆ ಒಂದೊಂದು ಸಾಫ್ಟ್‌ವೇರನ್ನೂ ಬೇರೆ ಬೇರೆ ಕಂಟೇನರ್‌ನಲ್ಲಿಟ್ಟು, ಓಡುತ್ತಿದೆ: ನೆಕ್ಸ್ಟ್‌ಕ್ಲೌಡ್ 29, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್ 13, ಮುಂದೆ ಬಾಗಿಲಿನಂತೆ ಎಂಜಿನ್‌ಎಕ್ಸ್ ಪ್ರಾಕ್ಸಿ. ಹಿಂದಿನ ಸಲ ಅಪ್‌ಗ್ರೇಡ್ ಮಾಡಿದಾಗ ಅರ್ಧ ದಿನ ಆಫೀಸು ನಿಂತುಹೋಯಿತು. ಆ ಭಯಕ್ಕೆ ಆಮೇಲೆ ಮುಟ್ಟಿಯೇ ಇಲ್ಲ. ಈಗ 31ಕ್ಕೆ ಹೋಗಬೇಕು, ಡೇಟಾಬೇಸ್ ಕೂಡ ಹಳೆಯದಾಗಿದೆ. ನಿಲ್ಲಿಸದೆ ಮಾಡಲು ಆಗುತ್ತಾ?

ಉತ್ತರ: ಒಂಚೂರೂ ನಿಲ್ಲಿಸದೆ ಆಗುವುದಿಲ್ಲ. ಆದರೆ ಅರ್ಧ ದಿನ ಬೇಕಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಜನ ಕಾಫಿ ಕುಡಿದು ಪೇಪರ್ ಓದಿ ಮುಗಿಸುವಷ್ಟರಲ್ಲಿ ಮುಗಿಸಬಹುದು.

ಹಿಂದಿನ ಸಲದ ಅರ್ಧ ದಿನವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹಳೆಯ ಕಂಟೇನರ್ ಹೋಗಿ ಹೊಸದು ಬರಲು ಹಿಡಿದದ್ದು ಕೆಲವೇ ಸೆಕೆಂಡು. ಉಳಿದ ಹೊತ್ತು ಎಲ್ಲಿ ಹೋಯಿತು? ಇಮೇಜ್ (ಕಂಟೇನರ್ ತಯಾರಾಗುವ ಸಾಫ್ಟ್‌ವೇರ್ ಕಟ್ಟು) ಇಳಿಯುವುದನ್ನು ಕಾಯುವುದರಲ್ಲಿ, 300 ಜಿಬಿ ಬ್ಯಾಕಪ್ ಮುಗಿಯುವುದನ್ನು ಕಾಯುವುದರಲ್ಲಿ, ಮೊದಲ ಸಲ ನೋಡಿದ ಎರರ್‌ಗೆ ಉತ್ತರ ಹುಡುಕುವುದರಲ್ಲಿ. ಈ ಮೂರನ್ನೂ ಆಫೀಸು ನಡೆಯುತ್ತಿರುವಾಗಲೇ ಮಾಡಿ ಮುಗಿಸಬಹುದಿತ್ತು. ಸರ್ವರ್ ನಿಲ್ಲಿಸಿದ ಮೇಲೆ, ನಿಂತಿರುವಾಗ ಮಾತ್ರ ಮಾಡಬಹುದಾದ ಕೆಲಸವಷ್ಟೇ ಉಳಿದಿರಬೇಕು. ನಾನು ಹೇಳುವುದೆಲ್ಲ ಇದೊಂದೇ ಮಾತಿನ ಸುತ್ತ ಇದೆ.

"ಎರಡು ಕಂಟೇನರ್ ಅಕ್ಕಪಕ್ಕ ಓಡಿಸಿ, ಪ್ರಾಕ್ಸಿಯನ್ನು ಹಳೆಯದರಿಂದ ಹೊಸದಕ್ಕೆ ತಿರುಗಿಸಿದರೆ ಒಂದು ಸೆಕೆಂಡೂ ನಿಲ್ಲುವುದಿಲ್ಲ" ಎಂದು ನಿಮಗೆ ಯಾರಾದರೂ ಹೇಳಬಹುದು. ತನ್ನದು ಅಂತ ಡೇಟಾ ಇಟ್ಟುಕೊಳ್ಳದ ಸಾಫ್ಟ್‌ವೇರ್‌ಗೆ ಅದು ನಿಜ. ಎಂಜಿನ್‌ಎಕ್ಸ್ ರೀಲೋಡ್ ಮಾಡಿದಾಗ ಹಳೆಯ ವರ್ಕರ್‌ಗಳು ಕೈಯಲ್ಲಿದ್ದ ಕೆಲಸ ಮುಗಿಸಿಯೇ ಹೋಗುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನೆಕ್ಸ್ಟ್‌ಕ್ಲೌಡ್‌ನ ಎರಡು ಆವೃತ್ತಿಗಳು ಒಂದೇ ಡೇಟಾಬೇಸ್ ಹಂಚಿಕೊಳ್ಳಲು ಆಗುವುದಿಲ್ಲ. 30 ಬಂದ ತಕ್ಷಣ ಟೇಬಲ್‌ಗಳ ರಚನೆ ಬದಲಾಗುತ್ತದೆ, 29ಕ್ಕೆ ಅದು ಅರ್ಥವಾಗುವುದಿಲ್ಲ. ಅಂಥ ಅಪ್‌ಗ್ರೇಡ್ ಬೇಕಾದರೆ ಸಾಫ್ಟ್‌ವೇರ್ ಬರೆದವರೇ ಅದಕ್ಕೆ ದಾರಿ ಮಾಡಿರಬೇಕು, ಓಡಿಸುವವರ ಕೈಯಲ್ಲಿಲ್ಲ. ಇದಕ್ಕಾಗಿ ಕುಬರ್ನೆಟಿಸ್ (ಹಲವು ಸರ್ವರ್‌ಗಳಲ್ಲಿ ಕಂಟೇನರ್ ಓಡಿಸುವ ದೊಡ್ಡ ವ್ಯವಸ್ಥೆ) ಹಾಕಿಸುತ್ತೇವೆ ಎಂದು ಯಾರಾದರೂ ಬಂದರೆ ಬೇಡ ಎನ್ನಿ. 35 ಜನರ ಆಫೀಸಿಗೆ ಕಂಪೋಸ್ ಸಾಕು.

ಮೊದಲು ನಿಮ್ಮ ಕಂಪೋಸ್ ಫೈಲ್ ತೆರೆದು ಟ್ಯಾಗ್, ಅಂದರೆ ಇಮೇಜ್ ಹೆಸರಿನ ಕೊನೆಯಲ್ಲಿರುವ ಆವೃತ್ತಿಯ ಗುರುತು, ನೋಡಿ. "ಲೇಟೆಸ್ಟ್" ಅಂತ ಇದ್ದರೆ ಇವತ್ತೇ ತೆಗೆಯಿರಿ. ಲೇಟೆಸ್ಟ್ ಎನ್ನುವುದು ಒಂದು ಹೆಸರು ಮಾತ್ರ. ಇವತ್ತು ಅದು ಒಂದು ಇಮೇಜ್ ತೋರಿಸುತ್ತದೆ, ನಾಳೆ ಇನ್ನೊಂದು. ನನಗೆ ಒಂದು ರಾತ್ರಿ ಫೋನ್ ಬಂದಿತ್ತು. ಸುಮ್ನೆ ಒಂದು ಪುಲ್ ಮಾಡಿ (ಹೊಸ ಇಮೇಜ್ ಇಳಿಸಿಕೊಂಡು) ರೀಸ್ಟಾರ್ಟ್ ಮಾಡಿದ್ದರಂತೆ, ಡೇಟಾಬೇಸ್ ಏಳುತ್ತಿಲ್ಲ, ನಿಮಿಷಕ್ಕೆ ಹಲವು ಸಲ ಎದ್ದು ಬೀಳುತ್ತಿದೆ. ಲಾಗ್‌ನಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು: ಈ ಡೇಟಾ ಫೋಲ್ಡರ್ ಪೋಸ್ಟ್‌ಗ್ರೆಸ್ 15ರಿಂದ ತಯಾರಾದದ್ದು, ಇದು 16, ಹೊಂದುವುದಿಲ್ಲ. ಪಾಪ, ಅವರು ಡೇಟಾ ಹೋಯಿತು ಎಂದು ಹೆದರಿ ವಾಲ್ಯೂಮ್ (ಕಂಟೇನರ್‌ನ ಡೇಟಾ ಉಳಿಯುವ ಜಾಗ) ಅಳಿಸಲು ಹೊರಟಿದ್ದರು. ಏನೂ ಹೋಗಿರಲಿಲ್ಲ. ಪೋಸ್ಟ್‌ಗ್ರೆಸ್ ಬೇರೆ ಆವೃತ್ತಿಯ ಫೋಲ್ಡರ್ ಕಂಡರೆ ಮುಟ್ಟುವುದೇ ಇಲ್ಲ, ಹೊರಗೆ ನಿಲ್ಲುತ್ತದೆ. ಟ್ಯಾಗ್ ಮತ್ತೆ 15 ಮಾಡಿದೆವು, ಎದ್ದು ಕೂತಿತು. ಇದೇ ಕಾರಣಕ್ಕೆ ವಾಚ್‌ಟವರ್ ತರಹ ತಾನಾಗಿಯೇ ಅಪ್‌ಡೇಟ್ ಮಾಡುವ ಟೂಲ್‌ಗಳನ್ನು ಡೇಟಾಬೇಸ್ ಹತ್ತಿರ ಬಿಡಬೇಡಿ.

ಇನ್ನೊಂದು ಎಚ್ಚರ. ಎಲ್ಲವನ್ನೂ ನಿಲ್ಲಿಸಿ ತೆಗೆಯುವ ಕಂಪೋಸ್ "ಡೌನ್" ಜೊತೆ "ಮೈನಸ್ ವಿ" ಹಾಕಿದರೆ ಹೆಸರಿಟ್ಟ ವಾಲ್ಯೂಮ್‌ಗಳೂ ಅಳಿಸಿ ಹೋಗುತ್ತವೆ. ಅಪ್‌ಗ್ರೇಡ್‌ಗೆ ಡೌನ್ ಬೇಕಾಗಿಯೇ ಇಲ್ಲ. ಮೊದಲು ಪುಲ್, ಆಮೇಲೆ "ಅಪ್ ಮೈನಸ್ ಡಿ". ಪುಲ್ ಆಗುವಾಗ ಹಳೆಯ ಕಂಟೇನರ್ ಓಡುತ್ತಲೇ ಇರುತ್ತದೆ. ಅಪ್ ಅಂದಾಗ ಯಾವುದರ ಇಮೇಜ್ ಬದಲಾಗಿದೆಯೋ ಆ ಕಂಟೇನರ್ ಮಾತ್ರ ಹೊಸದಾಗುತ್ತದೆ. ಪುಲ್ ಅನ್ನು ಶುಕ್ರವಾರವೇ ಮಾಡಿಡಿ. ಲಾಗಿನ್ ಆಗದೆ ಇಳಿಸಿಕೊಳ್ಳುವವರಿಗೆ ಡಾಕರ್ ಹಬ್ (ಇಮೇಜ್‌ಗಳು ಸಿಗುವ ತಾಣ) ಐಪಿ ವಿಳಾಸದ ಲೆಕ್ಕದಲ್ಲಿ ಮಿತಿ ಹಾಕುತ್ತದೆ. ನಮ್ಮಲ್ಲಿ ಎಷ್ಟೋ ಇಂಟರ್‌ನೆಟ್ ಕಂಪನಿಗಳು ಒಂದೇ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿರುತ್ತವೆ. ಭಾನುವಾರ ಬೆಳಿಗ್ಗೆ "ಟೂ ಮೆನಿ ರಿಕ್ವೆಸ್ಟ್ಸ್" ಎಂದು ನಿಂತುಬಿಟ್ಟರೆ ಕಷ್ಟ ಅಲ್ವಾ?

ಈಗ ನಿಮ್ಮ ದಾರಿ. 29ರಿಂದ ನೇರ 31ಕ್ಕೆ ಹಾರಲು ಆಗುವುದಿಲ್ಲ. ನೆಕ್ಸ್ಟ್‌ಕ್ಲೌಡ್‌ನಲ್ಲಿ ಒಂದು ಸಲಕ್ಕೆ ಒಂದೇ ಮುಖ್ಯ ಆವೃತ್ತಿ. ಹಾರಿದರೆ ಕಂಟೇನರ್ ಶುರುವಾಗಲು ಒಪ್ಪುವುದಿಲ್ಲ. ಮೊದಲು 29ರ ಕೊನೆಯ ಸಣ್ಣ ಆವೃತ್ತಿಗೆ ಬನ್ನಿ, ಅದನ್ನು ಯಾವುದಾದರೂ ಸಂಜೆ ಮಾಡಿ. ಆಮೇಲೆ 30, ಆಮೇಲೆ 31. ಡೇಟಾಬೇಸ್‌ಗೆ ಬೇರೆ ಭಾನುವಾರ ಇಟ್ಟುಕೊಳ್ಳಿ. ಎರಡನ್ನೂ ಒಂದೇ ದಿನ ಮಾಡಿದರೆ, ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ಹುಡುಕುವುದೇ ದೊಡ್ಡ ಕೆಲಸ. ನೆಕ್ಸ್ಟ್‌ಕ್ಲೌಡ್ 31 ಪೋಸ್ಟ್‌ಗ್ರೆಸ್ 13ರಿಂದ 17ರ ತನಕ ಒಪ್ಪುತ್ತದೆ, ಹಾಗಾಗಿ ನೆಕ್ಸ್ಟ್‌ಕ್ಲೌಡ್ ಮೊದಲು ಮುಗಿಸಿ. ಪೋಸ್ಟ್‌ಗ್ರೆಸ್‌ನ ಒಂದೊಂದು ಮುಖ್ಯ ಆವೃತ್ತಿಗೂ ಐದು ವರ್ಷ ಬೆಂಬಲ ಇರುತ್ತದೆ. 13ರದ್ದು 2025ರ ನವೆಂಬರ್‌ಗೆ ಮುಗಿದಿದೆ, ಆದ್ದರಿಂದ ಅದನ್ನೂ ಬಹಳ ದಿನ ಎಳೆಯಬೇಡಿ.

ಎಲ್ಲಕ್ಕಿಂತ ಜಾಸ್ತಿ ಬೆಲೆ ಇರುವುದು ರಿಹರ್ಸಲ್‌ಗೆ. ಇದನ್ನು ಬಿಟ್ಟರೆ ಉಳಿದ ಯಾವ ಮಾತೂ ನಿಮ್ಮನ್ನು ಕಾಯುವುದಿಲ್ಲ. ಸಾಧ್ಯವಾದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ, ಇಲ್ಲವಾದರೆ ಅದೇ ಸರ್ವರ್‌ನಲ್ಲಿ ಬೇರೆ ಪ್ರಾಜೆಕ್ಟ್ ಹೆಸರು, ಬೇರೆ ಪೋರ್ಟ್ ಕೊಟ್ಟು ಇನ್ನೊಂದು ಪ್ರತಿ ಎಬ್ಬಿಸಿ. ಡೇಟಾಬೇಸ್‌ನ ಡಂಪ್ (ಪೂರ್ತಿ ನಕಲು) ಅದರೊಳಗೆ ಹಾಕಿ. ಆಫೀಸು ನಡೆಯುತ್ತಿರುವಾಗಲೇ ಡಂಪ್ ತೆಗೆಯಬಹುದು. ಅದನ್ನು ತೆಗೆಯುವ ಪಿಜಿ ಡಂಪ್ ಟೂಲ್ ತಾನು ಶುರುವಾದ ಕ್ಷಣದ ಚಿತ್ರವನ್ನೇ ಕೊನೆ ತನಕ ಹಿಡಿದಿರುತ್ತದೆ, ಯಾರ ಕೆಲಸಕ್ಕೂ ಅಡ್ಡ ಬರುವುದಿಲ್ಲ.

ಇಲ್ಲಿ ಒಂದು ಅಪಾಯದ ಜಾಗ ಇದೆ, ನಿಧಾನವಾಗಿ ಓದಿ. ಪ್ರತಿಯ ಜೊತೆ ಕಾನ್ಫಿಗ್ ಫೈಲ್ ಕೂಡ ಬರುತ್ತದೆ. ಅದರಲ್ಲಿ ಡೇಟಾಬೇಸ್ ಎಲ್ಲಿದೆ ಎಂದು ಹೇಳುವ "ಡಿಬಿ ಹೋಸ್ಟ್" ಸಾಲಿದೆ. ಅಲ್ಲಿ ಕಂಪೋಸ್ ಸರ್ವೀಸ್ ಹೆಸರಿದ್ದರೆ ತೊಂದರೆ ಇಲ್ಲ. ಬೇರೆ ಪ್ರಾಜೆಕ್ಟ್‌ಗೆ ಬೇರೆ ನೆಟ್‌ವರ್ಕ್ ಇರುತ್ತದೆ, ಆ ಹೆಸರು ಪ್ರತಿಯ ಡೇಟಾಬೇಸ್‌ಗೇ ಹೋಗುತ್ತದೆ. ಆದರೆ ಅಲ್ಲಿ ಸರ್ವರ್‌ನ ಐಪಿ ವಿಳಾಸ ಬರೆದಿದ್ದರೆ? ನಿಮ್ಮ ರಿಹರ್ಸಲ್ ಪ್ರತಿ ಹೋಗಿ ಆಫೀಸಿನ ಅಸಲಿ ಡೇಟಾಬೇಸನ್ನೇ ಅಪ್‌ಗ್ರೇಡ್ ಮಾಡಿಬಿಡುತ್ತದೆ. ಪ್ರತಿ ಎಬ್ಬಿಸುವ ಮೊದಲು ಈ ಸಾಲನ್ನು ಕಣ್ಣಾರೆ ನೋಡಿ. ಹಾಗೆಯೇ ಪ್ರತಿಯಲ್ಲಿ ಹಿನ್ನೆಲೆ ಕೆಲಸಗಳನ್ನು ಓಡಿಸುವ ಕ್ರಾನ್ ಕಂಟೇನರ್ ಎಬ್ಬಿಸಬೇಡಿ, ಮೇಲ್ ಸೆಟ್ಟಿಂಗ್ ತೆಗೆದುಬಿಡಿ. ಇಲ್ಲವಾದರೆ ಕ್ಲೈಂಟ್‌ಗಳಿಗೆ ಎರಡೆರಡು ನೋಟಿಫಿಕೇಶನ್ ಮೇಲ್ ಹೋಗುತ್ತವೆ. ಹೊರಗಿನ ಸ್ಟೋರೇಜ್ ಜೋಡಿಸಿದ್ದರೆ ಅದನ್ನೂ ಬಿಡಿಸಿ.

ಆಮೇಲೆ ಪ್ರತಿಯನ್ನು 30ಕ್ಕೆ, 31ಕ್ಕೆ ಏರಿಸಿ. ಗಡಿಯಾರ ನೋಡಿ ಬರೆದುಕೊಳ್ಳಿ. ಯಾವ ಆ್ಯಪ್ ಹೊಸ ಆವೃತ್ತಿಗೆ ಹೊಂದದೆ ನಿಂತುಹೋಯಿತು, ಯಾವ ಹಂತಕ್ಕೆ ಎಷ್ಟು ನಿಮಿಷ ಹಿಡಿಯಿತು, ಎಲ್ಲಾ ಒಂದು ಹಾಳೆಯಲ್ಲಿರಲಿ. ಆಫೀಸಿನ ವಾಟ್ಸಾಪ್ ಗುಂಪಿಗೆ "ಭಾನುವಾರ 6ರಿಂದ 7" ಎಂದು ಹಾಕುವಾಗ ಆ ಅಂಕಿ ಈ ಹಾಳೆಯಿಂದ ಬರಬೇಕು, ಅಂದಾಜಿನಿಂದ ಅಲ್ಲ. ಜಿಎಸ್‌ಟಿ ರಿಟರ್ನ್‌ನ 11, 20ನೇ ತಾರೀಖುಗಳ ಹಿಂದುಮುಂದು ಬೇಡ ಎಂದು ನಿಮಗೆ ಹೇಳಬೇಕಿಲ್ಲ.

ಇನ್ನು 300 ಜಿಬಿ ಬ್ಯಾಕಪ್. ಇದಕ್ಕೆ ಎರಡು ಸಲ ಆರ್‌ಸಿಂಕ್ (ಫೈಲ್ ನಕಲಿಸುವ ಟೂಲ್) ಓಡಿಸಿ. ಶನಿವಾರ ರಾತ್ರಿ, ಸರ್ವರ್ ಓಡುತ್ತಿರುವಾಗಲೇ, ಮೊದಲ ಸಲ. ಅದು ಗಂಟೆಗಟ್ಟಲೆ ಹಿಡಿದರೂ ಚಿಂತೆ ಇಲ್ಲ. ಭಾನುವಾರ ಬಾಗಿಲು ಹಾಕಿದ ಮೇಲೆ ಎರಡನೇ ಸಲ. ಈಗ ರಾತ್ರಿಯಿಂದ ಬದಲಾದ ಫೈಲುಗಳಷ್ಟೇ ಹೋಗುತ್ತವೆ, ಬೇಗ ಮುಗಿಯುತ್ತದೆ. ನಿಮ್ಮ ಡಿಸ್ಕ್‌ನ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಆಗಿದ್ದರೆ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕ್‌ನ ಚಿತ್ರ) ತೆಗೆಯಲು ಕೆಲವು ಸೆಕೆಂಡು ಸಾಕು. ಆದರೆ ಸ್ನ್ಯಾಪ್‌ಶಾಟ್ ಅದೇ ಡಿಸ್ಕ್‌ನಲ್ಲಿರುತ್ತದೆ, ಡಿಸ್ಕ್ ಹೋದರೆ ಅದೂ ಹೋಗುತ್ತದೆ. ಹಾಗಾಗಿ ಆರ್‌ಸಿಂಕ್ ಬಿಡಬೇಡಿ.

"ಬಾಗಿಲು ಹಾಕುವುದು" ಎಂದೆನಲ್ಲ, ಅದನ್ನು ಎಲ್ಲಿ ಹಾಕುತ್ತೀರಿ ಎನ್ನುವುದೂ ಮುಖ್ಯ. ನೆಕ್ಸ್ಟ್‌ಕ್ಲೌಡ್‌ನ ಮೇಂಟೆನೆನ್ಸ್ ಮೋಡ್ ಇದೆ. ಆದರೆ ಅದು ಆನ್ ಇದ್ದರೆ ನೀವೂ ಬ್ರೌಸರ್‌ನಲ್ಲಿ ಒಳಗೆ ಹೋಗಿ ನೋಡಲು ಆಗುವುದಿಲ್ಲ. ಜೊತೆಗೆ, ಅಪ್‌ಗ್ರೇಡ್ ಮುಗಿಯುವ ತನಕ ಆ ಕಂಟೇನರ್‌ನಲ್ಲಿ ಪುಟ ತೋರಿಸುವ ವೆಬ್ ಸರ್ವರ್ ಅಪಾಚೆ ಶುರುವೇ ಆಗುವುದಿಲ್ಲ, ಜನರಿಗೆ ಎಂಜಿನ್‌ಎಕ್ಸ್‌ನ 502 ಎರರ್ ಪುಟ ಕಾಣುತ್ತದೆ. ಆಗ ಫೋನ್ ಬರಲು ಶುರು. ಅದಕ್ಕೆ ನಾನು ಪ್ರಾಕ್ಸಿಯಲ್ಲೂ ಒಂದು ಬಾಗಿಲು ಹಾಕುತ್ತೇನೆ. ನನ್ನ ಕಂಪ್ಯೂಟರ್‌ನ ಐಪಿ ಬಿಟ್ಟು ಉಳಿದವರಿಗೆಲ್ಲ 503 ("ಸದ್ಯಕ್ಕೆ ಸಿಗುವುದಿಲ್ಲ" ಎಂಬ ಸಂಕೇತ) ಕೊಟ್ಟು, ಕನ್ನಡದಲ್ಲಿ ಒಂದು ಪುಟ: "ಸರ್ವರ್ ಅಪ್‌ಗ್ರೇಡ್ ನಡೆಯುತ್ತಿದೆ, 7 ಗಂಟೆಗೆ ಮತ್ತೆ ಸಿಗುತ್ತದೆ. ನಿಮ್ಮ ಫೈಲುಗಳು ಸುರಕ್ಷಿತ." ಲ್ಯಾಪ್‌ಟಾಪ್‌ಗಳಲ್ಲಿರುವ ಸಿಂಕ್ ಕ್ಲೈಂಟ್ 503 ಕಂಡರೆ ಸುಮ್ಮನೆ ಕಾದು ಮತ್ತೆ ಪ್ರಯತ್ನಿಸುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಲ್ಯಾಪ್‌ಟಾಪ್‌ನಲ್ಲೇ ಇರುವ ಎಕ್ಸೆಲ್ ಫೈಲ್ ತಿದ್ದಿದರೂ ಆಮೇಲೆ ತಾನಾಗಿ ಮೇಲೆ ಹೋಗುತ್ತದೆ. ಎಷ್ಟೋ ಜನರಿಗೆ ಸರ್ವರ್ ನಿಂತಿತ್ತು ಅಂತಲೂ ತಿಳಿಯುವುದಿಲ್ಲ.

ಭಾನುವಾರದ ಕೆಲಸ ಹೀಗೆ ಸಾಗುತ್ತದೆ. ಪ್ರಾಕ್ಸಿ ಮುಚ್ಚಿ. ಕ್ರಾನ್ ಕಂಟೇನರ್ ನಿಲ್ಲಿಸಿ. ಮೇಂಟೆನೆನ್ಸ್ ಮೋಡ್ ಆನ್ ಮಾಡಿ. ಎರಡನೇ ಆರ್‌ಸಿಂಕ್, ಡೇಟಾಬೇಸ್ ಡಂಪ್, ಜೊತೆಗೆ ನೆಕ್ಸ್ಟ್‌ಕ್ಲೌಡ್‌ನ ಕೋಡ್ ಮತ್ತು ಕಾನ್ಫಿಗ್ ಇರುವ ವಾಲ್ಯೂಮ್‌ನ ಪ್ರತಿ. ಈ ಕೊನೆಯದನ್ನು ಜನ ಮರೆಯುತ್ತಾರೆ. ಅಧಿಕೃತ ಇಮೇಜ್‌ನಲ್ಲಿ ಕೋಡ್ ಕೂಡ ವಾಲ್ಯೂಮ್‌ಗೆ ಬಂದು ಕೂರುತ್ತದೆ. 30ಕ್ಕೆ ಹೋದ ಮೇಲೆ ಬರೀ ಟ್ಯಾಗ್ 29 ಮಾಡಿದರೆ ಹಿಂದೆ ಬರಲು ಆಗುವುದಿಲ್ಲ. ವಾಲ್ಯೂಮ್‌ನಲ್ಲಿರುವುದು ಹೊಸದು, ಇಮೇಜ್ ಹಳೆಯದು ಎಂದು ಕಂಟೇನರ್ ಏಳುವುದಿಲ್ಲ. ಹಿಂದೆ ಬರಬೇಕಾದರೆ ಟ್ಯಾಗ್, ವಾಲ್ಯೂಮ್, ಡೇಟಾಬೇಸ್ ಮೂರೂ ಒಟ್ಟಿಗೆ ಹಿಂದೆ ಬರಬೇಕು.

ಈಗ ಟ್ಯಾಗ್ 30 ಮಾಡಿ, ಅಪ್ ಕೊಡಿ, ಲಾಗ್ ನೋಡುತ್ತಾ ಕೂರಿ. ನಡುವೆ ಕೆಲವು ನಿಮಿಷ ಏನೂ ಹೊಸ ಸಾಲು ಬರದೆ ಇರಬಹುದು. ಕೈ ತಡೆದುಕೊಳ್ಳಿ, ರೀಸ್ಟಾರ್ಟ್ ಮಾಡಬೇಡಿ. ದೊಡ್ಡ ಟೇಬಲ್ ಬದಲಾಗುತ್ತಿರುವಾಗ ಕಂಟೇನರ್ ಕೊಂದರೆ ಅರ್ಧಕ್ಕೆ ನಿಂತ ಅಪ್‌ಗ್ರೇಡ್ ಉಳಿಯುತ್ತದೆ, ಅದನ್ನು ಸರಿ ಮಾಡುವುದು ಬ್ಯಾಕಪ್‌ನಿಂದ ಎತ್ತುವುದಕ್ಕಿಂತ ಕಷ್ಟ. ಎಷ್ಟು ಹೊತ್ತು ಹಿಡಿಯಬೇಕು ಎಂದು ರಿಹರ್ಸಲ್ ಹಾಳೆ ಹೇಳುತ್ತದೆ, ಅದರ ಎರಡರಷ್ಟು ಆಗುವ ತನಕ ತಾಳ್ಮೆ ಇರಲಿ. ಮುಗಿದಾಗ ಮೇಂಟೆನೆನ್ಸ್ ಮೋಡ್ ಆನ್ ಆಗಿಯೇ ಉಳಿದಿದೆ ಎಂಬ ಸಾಲು ಬರುತ್ತದೆ. ಮೊದಲೇ ನೀವು ಆನ್ ಮಾಡಿದ್ದರಿಂದ ಹಾಗೆ, ಗಾಬರಿ ಬೇಡ. ಇನ್ನೊಂದು ಡಂಪ್ ತೆಗೆದು, 31ಕ್ಕೂ ಹೀಗೆಯೇ ಮಾಡಿ.

ಆಮೇಲೆ ಮೇಂಟೆನೆನ್ಸ್ ಮೋಡ್ ತೆಗೆಯಿರಿ. ಪ್ರಾಕ್ಸಿ ಇನ್ನೂ ಮುಚ್ಚಿಯೇ ಇರಲಿ. ನಿಮ್ಮ ಕಂಪ್ಯೂಟರ್‌ನಿಂದ ಲಾಗಿನ್ ಆಗಿ, ಒಂದು ಫೈಲ್ ತೆರೆಯಿರಿ, ಒಂದು ಹಾಕಿ, ಒಂದು ಅಳಿಸಿ, ಒಂದು ಶೇರ್ ಲಿಂಕ್ ಮಾಡಿ. ಹಿಂದೆ ಹೋಗುವುದೋ ಮುಂದೆ ಹೋಗುವುದೋ ಎಂದು ತೀರ್ಮಾನಿಸಬೇಕಾದ ಜಾಗ ಇದೇ. ಪ್ರಾಕ್ಸಿ ತೆರೆದು ಜನ ಒಳಗೆ ಬಂದು ಫೈಲ್ ಹಾಕಲು ಶುರು ಮಾಡಿದರೆ, ಆಮೇಲೆ ಹಿಂದೆ ಹೋಗುವುದೆಂದರೆ ಅವರ ಆ ಕೆಲಸ ಕಳೆಯುವುದು ಎಂದೇ ಅರ್ಥ. ಅನುಮಾನ ಇದ್ದರೆ ಬಾಗಿಲು ತೆರೆಯುವ ಮೊದಲೇ ಹಿಂದೆ ಬನ್ನಿ. ಎಲ್ಲಾ ಸರಿ ಇದ್ದರೆ ತೆರೆಯಿರಿ, ಕ್ರಾನ್ ಎಬ್ಬಿಸಿ. ಬಿಟ್ಟುಹೋದ ಇಂಡೆಕ್ಸ್ (ಡೇಟಾಬೇಸ್‌ನಲ್ಲಿ ಬೇಗ ಹುಡುಕಲು ಇಡುವ ಸೂಚಿ) ಸೇರಿಸುವಂಥ ಕೆಲಸಗಳನ್ನು ಆಮೇಲೆ, ಸರ್ವರ್ ಓಡುತ್ತಿರುವಾಗಲೇ ಮಾಡಬಹುದು.

ಎರಡನೇ ಭಾನುವಾರ ಪೋಸ್ಟ್‌ಗ್ರೆಸ್. 17ಕ್ಕೆ ಹೋಗಿ. 18 ಬಂದಿದೆ, ಆದರೆ ನೆಕ್ಸ್ಟ್‌ಕ್ಲೌಡ್ 31ರ ಪಟ್ಟಿ 17ಕ್ಕೆ ನಿಲ್ಲುತ್ತದೆ. ಅದೂ ಅಲ್ಲದೆ 18ರ ಇಮೇಜ್‌ನಲ್ಲಿ ವಾಲ್ಯೂಮ್ ಜೋಡಿಸುವ ಜಾಗವೇ ಬದಲಾಗಿದೆ.

ಇಲ್ಲಿ ನಿಮಗೆ ಅನುಕೂಲ ಜಾಸ್ತಿ. ಹಳೆಯದನ್ನು ಮುಟ್ಟದೆ, ಪಕ್ಕದಲ್ಲೇ 17ರ ಹೊಸ ಸರ್ವೀಸ್ ಒಂದನ್ನು ಹೊಸ ವಾಲ್ಯೂಮ್ ಕೊಟ್ಟು ಮೊದಲೇ ಎಬ್ಬಿಸಿಡಿ. ಬಾಗಿಲು ಹಾಕಿದ ಮೇಲೆ, ಹೊಸ ಕಂಟೇನರ್‌ನ ಒಳಗಿನಿಂದಲೇ ಹಳೆಯದರ ಡಂಪ್ ತೆಗೆದು ಹೊಸದಕ್ಕೆ ಸುರಿಯಿರಿ. ಹೊಸ ಆವೃತ್ತಿಯ ಪಿಜಿ ಡಂಪ್‌ಗೆ ಹಳೆಯ ಸರ್ವರ್ ಓದಲು ಬರುತ್ತದೆ, ಹಳೆಯದಕ್ಕೆ ಹೊಸದು ಬರುವುದಿಲ್ಲ. ಸುರಿಯುವಾಗ ಹಲವು ಕೆಲಸ ಒಟ್ಟಿಗೆ ಓಡಿಸಿದರೆ ಬೇಗ ಆಗುತ್ತದೆ. ಅದಕ್ಕೆ ಕಂಟೇನರ್‌ನ ಶೇರ್ಡ್ ಮೆಮೊರಿ ಸಾಲದೆ ಬರಬಹುದು. ಡಾಕರ್ ತಾನಾಗಿ ಕೊಡುವುದು 64 ಎಂಬಿ, ಅದನ್ನು 256 ಮಾಡಿಡಿ. ಹೀಗೆ ಸುರಿದಾಗ ಇಂಡೆಕ್ಸ್‌ಗಳೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಹಾಗಾಗಿ ಆಲ್ಪೈನ್ ಇಮೇಜ್‌ನಿಂದ ಡೆಬಿಯನ್ ಇಮೇಜ್‌ಗೆ (ಎರಡೂ ಲಿನಕ್ಸ್‌ನ ಬೇರೆ ಬೇರೆ ಬಗೆ) ಹೋಗಬೇಕಿದ್ದರೆ ಇದೇ ಸರಿಯಾದ ಸಮಯ. ಅದೇ ವಾಲ್ಯೂಮ್ ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಹಾರಿದರೆ, ಅಕ್ಷರಗಳನ್ನು ಜೋಡಿಸುವ ಕ್ರಮ ಬದಲಾಗಿ ಇಂಡೆಕ್ಸ್ ಸದ್ದಿಲ್ಲದೆ ಕೆಡುತ್ತದೆ. ಫೈಲ್ ಇದ್ದರೂ ಹುಡುಕಿದಾಗ ಸಿಗುವುದಿಲ್ಲ.

13ರಿಂದ 17ಕ್ಕೆ ಹೋಗುವವರೆಲ್ಲ ಎಡವುವ ಮೂರು ಜಾಗಗಳಿವೆ. ಒಂದು, ಕಾನ್ಫಿಗ್ ಫೈಲ್‌ನಲ್ಲಿ ಡೇಟಾಬೇಸ್ ಯೂಸರ್ ಯಾರೆಂದು ನೋಡಿ. ನೀವು ಕಂಪೋಸ್‌ನಲ್ಲಿ ಕೊಟ್ಟ ಹೆಸರು ಇರದೆ, "ಒಸಿ ಅಂಡರ್‌ಸ್ಕೋರ್ ಅಡ್ಮಿನ್" ಎಂದಿರಬಹುದು. ಇನ್‌ಸ್ಟಾಲ್ ಆಗುವಾಗ ನೆಕ್ಸ್ಟ್‌ಕ್ಲೌಡ್ ತಾನೇ ಮಾಡಿಕೊಂಡ ಯೂಸರ್ ಅದು. ಹೊಸ ಪೋಸ್ಟ್‌ಗ್ರೆಸ್‌ನಲ್ಲಿ ಅದು ಇರುವುದಿಲ್ಲ, ಡಂಪ್ ಸುರಿಯುವ ಮೊದಲೇ ನೀವು ಮಾಡಬೇಕು.

ಎರಡನೆಯದು ಪಾಸ್‌ವರ್ಡ್. ಪೋಸ್ಟ್‌ಗ್ರೆಸ್ 13 ತಾನಾಗಿ ಪಾಸ್‌ವರ್ಡ್‌ಗಳನ್ನು ಎಂಡಿ5 ಎಂಬ ಹಳೆಯ ರೂಪದಲ್ಲಿ ಇಡುತ್ತಿತ್ತು. 14ರಿಂದ ಅದು ಸ್ಕ್ರ್ಯಾಮ್ ಎಂಬ ಹೊಸ ರೂಪ ಆಗಿದೆ, ಡಾಕರ್ ಇಮೇಜ್ ಕೂಡ ಹೊರಗಿನಿಂದ ಬರುವವರಿಗೆ ಅದನ್ನೇ ಕೇಳುತ್ತದೆ. ಯೂಸರ್‌ಗಳನ್ನು ಹಳೆಯದರಿಂದ ಹಾಗೆಯೇ ಎತ್ತಿ ತಂದರೆ ಪಾಸ್‌ವರ್ಡ್ ಸರಿ ಇದ್ದರೂ "ತಪ್ಪು" ಎನ್ನುತ್ತದೆ. ಅದೇ ಪಾಸ್‌ವರ್ಡ್ ಅನ್ನು ಹೊಸದರಲ್ಲಿ ಇನ್ನೊಮ್ಮೆ ಕೊಡಿ, ಹೊಸ ರೂಪದಲ್ಲಿ ಕೂರುತ್ತದೆ.

ಮೂರನೆಯದು ತಕ್ಷಣ ಕಾಣುವುದೇ ಇಲ್ಲ. 15ರಿಂದ ಹೊಸದಾಗಿ ಮಾಡಿದ ಡೇಟಾಬೇಸ್‌ನ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳು ಕೂರುವ ಜಾಗ) ಎಲ್ಲರಿಗೂ ಟೇಬಲ್ ಮಾಡುವ ಹಕ್ಕಿಲ್ಲ. ಡೇಟಾಬೇಸ್‌ನ ಒಡೆತನ ಆ ನೆಕ್ಸ್ಟ್‌ಕ್ಲೌಡ್ ಯೂಸರ್ ಹೆಸರಿನಲ್ಲಿ ಇಲ್ಲದಿದ್ದರೂ ಇವತ್ತು ಎಲ್ಲಾ ಓಡುತ್ತದೆ. ಹಳೆಯ ಹಕ್ಕುಗಳು ಡಂಪ್ ಜೊತೆ ಬರದಿದ್ದರೆ, ಮುಂದೆ ನೆಕ್ಸ್ಟ್‌ಕ್ಲೌಡ್ 32ಕ್ಕೆ ಹೋಗುವಾಗ ಹೊಸ ಟೇಬಲ್ ಮಾಡಬೇಕಾದ ಗಳಿಗೆಯಲ್ಲಿ ಅನುಮತಿ ಇಲ್ಲ ಎಂದು ನಿಲ್ಲುತ್ತದೆ. ಒಡೆತನ ಅವತ್ತೇ ಬದಲಿಸಿ.

ಸುರಿದಾದ ಮೇಲೆ ಒಮ್ಮೆ "ಅನಲೈಜ್" ಓಡಿಸಿ. ಟೇಬಲ್‌ಗಳ ಅಂಕಿಅಂಶ ಈ ಡಂಪ್ ಜೊತೆ ಬಂದಿರುವುದಿಲ್ಲ, ಅದಿಲ್ಲದೆ ಸರ್ವರ್ ಸೋಮವಾರ ಬೆಳಿಗ್ಗೆ ತೆವಳುತ್ತದೆ. ಕಾನ್ಫಿಗ್‌ನ ಡಿಬಿ ಹೋಸ್ಟ್ ಸಾಲಿನಲ್ಲಿ ಹೊಸ ಸರ್ವೀಸ್ ಹೆಸರು ಬರೆಯಿರಿ. ಕಂಪೋಸ್ ಫೈಲ್‌ನಲ್ಲಿ ಮಾತ್ರ ಬದಲಿಸಿದರೆ ಸಾಲದು, ಅಲ್ಲಿನ ಹೆಸರು ಮೊದಲ ಇನ್‌ಸ್ಟಾಲ್‌ಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಮತ್ತೆ ಅದೇ ಪರೀಕ್ಷೆ, ಅದೇ ತೀರ್ಮಾನ, ಆಮೇಲೆ ಬಾಗಿಲು. ತೆರೆಯುವ ಮೊದಲು ಏನಾದರೂ ಸರಿ ಕಾಣದಿದ್ದರೆ ಆ ಒಂದು ಸಾಲನ್ನು ಹಳೆಯ ಹೆಸರಿಗೆ ತಿರುಗಿಸಿದರೆ ಮುಗಿಯಿತು, 13 ತನ್ನ ಜಾಗದಲ್ಲಿ ಹಾಗೆಯೇ ಕೂತಿರುತ್ತದೆ.

ತೆರೆದ ಮೇಲೆ 13ರ ಕಂಟೇನರ್ ನಿಲ್ಲಿಸಿಡಿ, ವಾಲ್ಯೂಮ್ ಅಳಿಸಬೇಡಿ. ಕಂಪೋಸ್ ಫೈಲ್‌ನಲ್ಲಿ ಅದರ ಪಕ್ಕ ಆ ಭಾನುವಾರದ ತಾರೀಖು ಬರೆದಿಡಿ. ಒಂದು ತಿಂಗಳ ರಿಟರ್ನ್ ಎಲ್ಲಾ ಸಲ್ಲಿಸಿ ಮುಗಿದು, ಹಳೆಯ ಫೈಲ್ ಸಿಗುತ್ತಿಲ್ಲ ಎಂದು ಯಾರೂ ಬರದಿದ್ದರೆ ಆಗ ತೆಗೆಯಿರಿ. ಇಮೇಜ್ ಪ್ರೂನ್ ಮಾಡುವುದನ್ನೂ (ಬಳಸದ ಇಮೇಜ್‌ಗಳನ್ನು ಅಳಿಸುವುದನ್ನೂ) ಅಲ್ಲಿಯ ತನಕ ತಡೆಯಿರಿ, 29 ಮತ್ತು 30ರ ಇಮೇಜ್‌ಗಳು ಡಿಸ್ಕ್‌ನಲ್ಲೇ ಇರಲಿ. ರಿಹರ್ಸಲ್‌ನಲ್ಲಿ ಯಾವುದಾದರೂ ಹಂತ ನಿಂತರೆ ಲಾಗ್‌ನ ಕೊನೆಯ ಐವತ್ತು ಸಾಲು, ಪಾಸ್‌ವರ್ಡ್‌ಗಳನ್ನು ತೆಗೆದು, ಕಳುಹಿಸಿ. ನೋಡಿ ಹೇಳುತ್ತೇನೆ.